ಯಾವುದಕ್ಕಿಂತ ಉತ್ತಮ? ಕೋತಗಿರಿಯ ಚಹಾದಲ್ಲಿ ಗುಣವಾಚಕಗಳ ಬಳಕೆ

ಗುಣದಲ್ಲಿ ಮೇಲಾದ ವಸ್ತುವನ್ನು ಹೆಸರಿಸಲು ಕನ್ನಡಕ್ಕೆ ಪದಗಳ ಕೊರತೆ ಎಂದೂ ಇರಲಿಲ್ಲ. ಒಳ್ಳೆಯ, ಲೇಸು, ಮೇಲು, ಸೊಗಸು ಎಂಬ ದೇಸಿ ಮಾತುಗಳ ಜೊತೆಗೆ ಉತ್ತಮ, ಶ್ರೇಷ್ಠ, ಉತ್ಕೃಷ್ಟ ಎಂಬ ಸಂಸ್ಕೃತ ಪದಗಳು ಬಂದು ನೆಲೆಸಿದವು, ಕಚೇರಿಯ ಕನ್ನಡ ಅರಬ್ಬೀ ಮೂಲದ ‘ದರ್ಜೆ’ಯನ್ನು ತನ್ನದಾಗಿಸಿಕೊಂಡು ಮೇಲ್ದರ್ಜೆ, ಉನ್ನತ ದರ್ಜೆ ಎಂಬ ಸಮಾಸಗಳನ್ನು ಕಟ್ಟಿತು, ಅಂಗಡಿಯ ಕನ್ನಡ ಫಸ್ಟ್ ಕ್ಲಾಸ್, ಸೂಪರ್, ಕ್ವಾಲಿಟಿ, ಪ್ರೀಮಿಯಂ ಎಂಬ ಇಂಗ್ಲಿಷ್ ಮಾತುಗಳನ್ನು ಯಾವ ಸಂಕೋಚವೂ ಇಲ್ಲದೆ ಸೇರಿಸಿಕೊಂಡಿತು. ಇಷ್ಟೊಂದು ಪದಗಳಿರುವ ಭಾಷೆಯಲ್ಲಿ ಗುಣದ ನಿರ್ಣಯ ಖಚಿತವಾಗಿರಬೇಕೆಂದು ನಿರೀಕ್ಷಿಸುವುದು ಸಹಜ. ಆದರೆ ಈ ಪದಗಳು ದಿನದಿನದ ವ್ಯವಹಾರದಲ್ಲಿ ನಿಜವಾಗಿ ಏನನ್ನು ಅಳೆಯುತ್ತವೆ, ಯಾರ ಪರವಾಗಿ ಮಾತಾಡುತ್ತವೆ, ಯಾರ ದುಡಿಮೆಗೆ ಬೆಲೆ ಕಟ್ಟುತ್ತವೆ ಎಂಬುದನ್ನು ತಿಳಿಯಬೇಕಾದರೆ ನಿಘಂಟಿನಿಂದ ಹೊರಬಂದು ಒಂದು ಊರಿನ ಒಂದು ಕಸುಬನ್ನು ಹತ್ತಿರದಿಂದ ನೋಡಬೇಕಾಗುತ್ತದೆ. ನೀಲಗಿರಿ ಜಿಲ್ಲೆಯ ಕೋತಗಿರಿ ಮತ್ತು ಅಲ್ಲಿನ ಚಹಾ ಈ ಪರಿಶೀಲನೆಗೆ ತಕ್ಕ ಕ್ಷೇತ್ರ. ಏಕೆಂದರೆ ಅಲ್ಲಿ ಗುಣವನ್ನು ಹೇಳುವ ಒಂದೊಂದು ಪದದ ಮೇಲೂ ಸಾವಿರಾರು ಮನೆಗಳ ಆದಾಯ ನಿಂತಿದೆ.

ಮೊದಲು ಪದದ ರಚನೆಯನ್ನೇ ಗಮನಿಸಬೇಕು. ‘ಉತ್ತಮ’ ಎಂಬುದು ಮೇಲೆ ಎಂಬರ್ಥದ ‘ಉತ್’ ಎಂಬ ಅವ್ಯಯಕ್ಕೆ ‘ತಮ’ ಪ್ರತ್ಯಯ ಸೇರಿ ಆದ ರೂಪ. ಸಂಸ್ಕೃತದಲ್ಲಿ ‘ತರ’ ಪ್ರತ್ಯಯ ಎರಡರಲ್ಲಿ ಹೆಚ್ಚಿನದನ್ನೂ ‘ತಮ’ ಪ್ರತ್ಯಯ ಹಲವರಲ್ಲಿ ಎಲ್ಲಕ್ಕಿಂತ ಹೆಚ್ಚಿನದನ್ನೂ ಹೇಳುತ್ತವೆ. ಹೀಗಾಗಿ ಉತ್ತಮ ಎಂದರೆ ಮೂಲದಲ್ಲಿ ‘ಎಲ್ಲಕ್ಕಿಂತ ಮೇಲಿನದು’ ಎಂದೇ ಅರ್ಥ. ಶ್ರೇಷ್ಠ ಎಂಬುದೂ ಹಾಗೆಯೇ: ಕನಿಷ್ಠ, ಗರಿಷ್ಠ, ಜ್ಯೇಷ್ಠ, ವರಿಷ್ಠ ಎಂಬ ಪದಗಳಲ್ಲಿರುವ ಅದೇ ‘ಇಷ್ಠ’ ಪ್ರತ್ಯಯ ಅದರಲ್ಲಿಯೂ ಇದ್ದು ತುತ್ತತುದಿಯ ಅರ್ಥವನ್ನು ಕೊಡುತ್ತದೆ. ಕನ್ನಡದ ಬಳಕೆಯಲ್ಲಿ ಈ ತುದಿಯ ಅರ್ಥ ಸವೆದುಹೋಗಿದೆ. ಉತ್ತಮ ಎಂಬುದು ಈಗ ‘ಒಳ್ಳೆಯದು’ ಎಂಬುದಕ್ಕಿಂತ ತುಸು ಗಂಭೀರವಾದ ಮಾತು ಮಾತ್ರ. ನಿಜವಾಗಿ ತುದಿಯನ್ನು ಹೇಳಬೇಕಾದಾಗ ಅತ್ಯುತ್ತಮ, ಸರ್ವೋತ್ತಮ, ಸರ್ವಶ್ರೇಷ್ಠ ಎಂದು ತುದಿಯ ಮೇಲೆ ಇನ್ನೊಂದು ತುದಿಯನ್ನು ಕೂರಿಸಬೇಕಾಗಿದೆ. ಹೊಗಳಿಕೆಯ ಪದಗಳೆಲ್ಲಕ್ಕೂ ಒದಗುವ ಗತಿ ಇದು. ಹೆಚ್ಚು ಬಳಸಿದಷ್ಟೂ ಅವು ಹಗುರಾಗುತ್ತವೆ, ಹಗುರಾದಷ್ಟೂ ಅವಕ್ಕೆ ಹೊಸ ವಿಶೇಷಣ ಬೇಕಾಗುತ್ತದೆ.

ಇದಕ್ಕೆ ಎದುರಾಗಿ ಕನ್ನಡದ ಸ್ವಂತ ವ್ಯಾಕರಣ ಬೇರೆಯೇ ಒಂದು ದಾರಿಯನ್ನು ಹಿಡಿದಿದೆ. ಕನ್ನಡದ ಗುಣವಾಚಕಕ್ಕೆ ಹೆಚ್ಚಿನದನ್ನಾಗಲಿ ಅತಿ ಹೆಚ್ಚಿನದನ್ನಾಗಲಿ ಹೇಳುವ ಸ್ವಂತ ಪ್ರತ್ಯಯವಿಲ್ಲ. ಒಂದು ವಸ್ತು ಮೇಲು ಎನ್ನಬೇಕಾದರೆ ಅದು ಯಾವುದಕ್ಕೆ ಮೇಲು ಎಂಬುದನ್ನು ಚತುರ್ಥಿ ವಿಭಕ್ತಿಯ ಮುಂದೆ ‘ಇಂತ’ ಎಂಬುದನ್ನು ಸೇರಿಸಿ ಹೇಳಬೇಕು: ಇದಕ್ಕಿಂತ ಅದು ಒಳ್ಳೆಯದು, ಎಲ್ಲಕ್ಕಿಂತ ಇದು ಒಳ್ಳೆಯದು. ಹೋಲಿಕೆಯ ಇನ್ನೊಂದು ತುದಿಯನ್ನು ಮುಚ್ಚಿಟ್ಟು ಮೇಲ್ಮೆಯನ್ನು ಸಾರಲು ಈ ವಾಕ್ಯರಚನೆ ಎಡೆಕೊಡುವುದಿಲ್ಲ. ‘ಯಾವುದಕ್ಕಿಂತ?’ ಎಂಬ ಪ್ರಶ್ನೆ ವಾಕ್ಯದೊಳಗೇ ಕುಳಿತಿರುತ್ತದೆ. ಎರವಲು ಬಂದ ಉತ್ತಮ, ಸೂಪರ್, ಪ್ರೀಮಿಯಂ ಎಂಬ ಪದಗಳು ಈ ಪ್ರಶ್ನೆಯಿಂದ ಭಾಷೆಯನ್ನು ಬಿಡುಗಡೆ ಮಾಡಿದವು, ಮತ್ತು ವ್ಯಾಪಾರಕ್ಕೆ ಬೇಕಾಗಿದ್ದುದೂ ಆ ಬಿಡುಗಡೆಯೇ. ಕೋತಗಿರಿಯ ಚಹಾದ ಪದಗಳನ್ನು ಈ ಒಂದೇ ಪ್ರಶ್ನೆಯ ಮುಂದೆ ನಿಲ್ಲಿಸಿ ನೋಡುವುದು ಪ್ರಸ್ತುತ ಬರಹದ ಉದ್ದೇಶ.

ಕೋತಗಿರಿ ಎಂದರೆ ಕೋತರ ಬೆಟ್ಟ. ಕಬ್ಬಿಣದ ಕೆಲಸ, ಮಡಕೆ, ವಾದ್ಯಗಳಿಗೆ ಹೆಸರಾದ ಕೋತ ಸಮುದಾಯದಿಂದ ಈ ಹೆಸರು ಬಂದಿದೆ. ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿರುವ ಈ ಊರಿನ ಸುತ್ತ ಬಡಗರ ಹಟ್ಟಿಗಳು ಹರಡಿಕೊಂಡಿವೆ. ಬಡಗ ನುಡಿಯಲ್ಲಿ ಹಟ್ಟಿ ಎಂದರೆ ಊರು. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲಿವನ್ 1819ರಲ್ಲಿ ಕೋತಗಿರಿಯ ಹತ್ತಿರದ ಕನ್ನೇರಿಮುಕ್ಕುವಿನಲ್ಲಿ ಬಂಗಲೆ ಕಟ್ಟಿದ ಮೇಲೆ ಈ ಬೆಟ್ಟಗಳು ಹೊರಜಗತ್ತಿನ ಮಾರುಕಟ್ಟೆಗೆ ತೆರೆದುಕೊಂಡವು. ಅದಕ್ಕೂ ಬಹಳ ಹಿಂದೆಯೇ ಮೈಸೂರು ಸೀಮೆಯಿಂದ, ಅಂದರೆ ಬಡಗಣ ದಿಕ್ಕಿನಿಂದ, ಹತ್ತಿ ಬಂದವರೆಂದು ಬಡಗರ ಪರಂಪರೆ ಹೇಳುತ್ತದೆ. ಅವರ ನುಡಿಯನ್ನು ಕೆಲವು ವಿದ್ವಾಂಸರು ಕನ್ನಡದ ಉಪಭಾಷೆಯೆಂದೂ ಇನ್ನು ಕೆಲವರು ಕನ್ನಡಕ್ಕೆ ಬಹು ಹತ್ತಿರದ ಸ್ವತಂತ್ರ ಭಾಷೆಯೆಂದೂ ಎಣಿಸಿದ್ದಾರೆ. ಈ ವಿವಾದ ಏನೇ ಇರಲಿ, ಗುಣವನ್ನು ಹೇಳುವ ಮೂಲ ಪದ ಎರಡಕ್ಕೂ ಒಂದೇ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ 1890ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚುಹಾಕಿದ ಬಡಗ ಭಾಷೆಯ ಕ್ರೈಸ್ತ ಗ್ರಂಥದ ಶೀರ್ಷಿಕೆಯಲ್ಲೇ ಸುವಾರ್ತೆಗೆ ‘ಒಳ್ಳೆಯ ಸುದ್ದಿ’ ಎಂಬ ಮಾತಿದೆ. ಬೆಟ್ಟದ ಮೇಲಿನ ಜನ ತಮ್ಮ ನುಡಿಯಲ್ಲಿ ಮೇಲಾದುದನ್ನು ಹೇಳಲು ಬಳಸಿದ್ದು ಈ ‘ಒಳ್ಳೆ’ಯನ್ನೇ ಹೊರತು ಉತ್ತಮವನ್ನಲ್ಲ. ರಾಗಿ, ಸಾಮೆ, ಆಲೂಗಡ್ಡೆಗಳನ್ನು ಬೆಳೆಯುತ್ತಿದ್ದ ಆ ಹೊಲಗಳು ಇಪ್ಪತ್ತನೆಯ ಶತಮಾನದಲ್ಲಿ ಒಂದೊಂದಾಗಿ ಚಹಾ ತೋಟಗಳಾದಾಗ ಒಳ್ಳೆಯ ಬೆಳೆ ಯಾವುದೆಂಬ ತೀರ್ಮಾನ ಬೆಳೆದವನ ಕೈಯಿಂದ ಕಾರ್ಖಾನೆಯ ತಕ್ಕಡಿಗೂ ಅಲ್ಲಿಂದ ಹರಾಜಿನ ಕಟ್ಟೆಗೂ ದಾಟಿತು. ಅದರೊಂದಿಗೆ ಪದವೂ ಬದಲಾಯಿತು.

ಈ ಬದಲಾವಣೆಯ ಮೊದಲ ಮೆಟ್ಟಿಲು ಹಸಿ ಎಲೆ. ತಮಿಳಿನಲ್ಲಿ ‘ಪಚ್ಚೈ ತೇಯಿಲೈ’ ಎಂದು ಕರೆಯಲಾಗುವ ಈ ಎಲೆಯೇ ಸಣ್ಣ ಬೆಳೆಗಾರ ಮಾರುವ ಸರಕು. ಚಹಾ ಮಂಡಳಿಯ ಪರಿಭಾಷೆಯಲ್ಲಿ 10.12 ಹೆಕ್ಟೇರ್, ಅಂದರೆ 25 ಎಕರೆವರೆಗೆ ಚಹಾ ಬೆಳೆಯುವವರೆಲ್ಲ ಸಣ್ಣ ಬೆಳೆಗಾರರೇ ಆದರೂ ಕೋತಗಿರಿಯ ಸುತ್ತಮುತ್ತಲಿನ ಹೆಚ್ಚಿನ ಹಿಡುವಳಿಗಳು ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಎಕರೆ, ಎರಡೆಕರೆಯ ತುಂಡುಗಳೇ ಅಲ್ಲಿ ಸಾಮಾನ್ಯ. ಅಂಥ ಬೆಳೆಗಾರನಿಗೆ ಸ್ವಂತ ಕಾರ್ಖಾನೆಯಿಲ್ಲ. ಕೊಯ್ದ ಎಲೆಯನ್ನು ಅದೇ ದಿನ, ಬಾಡಿ ಬಿಸಿಯೇರುವ ಮೊದಲು, ಎಲೆ ಕೊಂಡು ಚಹಾ ಮಾಡುವ ಖಾಸಗಿ ಖರೀದಿ ಕಾರ್ಖಾನೆಗೋ ಕಟ್ಟಬೆಟ್ಟುವಿನಂಥ ಕಡೆಗಳಲ್ಲಿರುವ ಸಹಕಾರಿ ಕಾರ್ಖಾನೆಗೋ ಸೇರಿಸಬೇಕು. ಇಂಥ 16 ಸಹಕಾರಿ ಕಾರ್ಖಾನೆಗಳ ಒಕ್ಕೂಟವೇ ಇಂಡ್ಕೋಸರ್ವ್. ಎಲೆಯನ್ನು ಕೂಡಿಟ್ಟು ಕಾಯುವ ಅವಕಾಶವಿಲ್ಲದ ಬೆಳೆಗಾರ ಎಲೆಯ ಗುಣದ ಬಗ್ಗೆ ಎದುರಿನವರು ಹೇಳಿದ ಮಾತನ್ನು ಒಪ್ಪಿಕೊಳ್ಳುವುದೇ ಹೆಚ್ಚು.

ಆ ಮಾತು ‘ಫೈನ್ ಲೀಫ್’, ನಯವಾದ ಎಲೆ. ಚಹಾ ಗಿಡದ ರೆಂಬೆಯ ತುದಿಯಲ್ಲಿ ಬಿಚ್ಚಿಕೊಳ್ಳದ ಒಂದು ಕುಡಿಯೂ ಅದರ ಕೆಳಗೆ ಎರಡು ಎಳೆಯ ಎಲೆಗಳೂ ಇರುವ ಚಿಗುರು ಇದರ ಮಾದರಿ. ಅದಕ್ಕಿಂತ ಕೆಳಗಿನ ಮೂರನೆಯ ನಾಲ್ಕನೆಯ ಎಲೆಗಳು ಬಲಿತಂತೆಲ್ಲ ನಾರು ಹೆಚ್ಚುತ್ತದೆ, ಚಹಾದ ಬಣ್ಣ ರುಚಿಗಳಿಗೆ ಕಾರಣವಾದ ಪಾಲಿಫೀನಾಲ್ ಎಂಬ ಸಂಯುಕ್ತಗಳು ಕಡಿಮೆಯಾಗುತ್ತವೆ. ಎಲೆಯ ಜೀವಕೋಶಗಳು ಒಡೆದು ಗಾಳಿ ತಾಗಿದಾಗ ಈ ಸಂಯುಕ್ತಗಳು ಎಲೆಯೊಳಗಿನ ಕಿಣ್ವದ ನೆರವಿನಿಂದ ಎರಡು ಬಗೆಯ ವಸ್ತುಗಳಾಗುತ್ತವೆ: ಕಷಾಯಕ್ಕೆ ಹೊಳಪನ್ನೂ ನಾಲಿಗೆಗೆ ಚುರುಕನ್ನೂ ಕೊಡುವ ಥಿಯಾಫ್ಲೇವಿನ್, ಗಾಢ ಬಣ್ಣವನ್ನೂ ಮೈಯನ್ನೂ ಕೊಡುವ ಥಿಯಾರುಬಿಜಿನ್. ಬಲಿತ ಎಲೆಯಲ್ಲಿ ಇವುಗಳ ಮೂಲದ್ರವ್ಯವೇ ಕಡಿಮೆಯಾದ್ದರಿಂದ ಯಾವ ಯಂತ್ರವೂ ಅದರಿಂದ ಹೊಳಪಿನ ಚಹಾ ತೆಗೆಯಲಾರದು. ಆದ್ದರಿಂದ ನಯವಾದ ಎಲೆ ಎಂಬ ಮಾತಿಗೆ ಗಿಡದ ಶರೀರದಲ್ಲೇ ಆಧಾರವಿದೆ. ಅದು ಬರಿಯ ಹೊಗಳಿಕೆಯಲ್ಲ.

ಇದಕ್ಕಿಂತ ಮುಖ್ಯವಾದುದು ಅದನ್ನು ಅಳೆಯುವ ವಿಧಾನ. ಕಾರ್ಖಾನೆಗೆ ಬಂದ ಚೀಲಗಳಿಂದ ಅಲ್ಲಲ್ಲಿ ಹಿಡಿಹಿಡಿಯಾಗಿ ಎಲೆ ತೆಗೆದು ಬೆರೆಸಿ, ಆ ಮಾದರಿಯನ್ನು ಮೇಜಿನ ಮೇಲೆ ಹರಡಿ, ಕುಡಿ ಮತ್ತು ಎಳೆಯ ಎಲೆಗಳಿರುವ ಚಿಗುರುಗಳನ್ನು ಒಂದು ಗುಡ್ಡೆಗೂ ಬಲಿತ ಎಲೆ, ಕಡ್ಡಿ, ಬಿಡಿ ಎಲೆಗಳನ್ನು ಇನ್ನೊಂದು ಗುಡ್ಡೆಗೂ ಬೇರ್ಪಡಿಸಿ, ಎರಡನ್ನೂ ತೂಗಿ, ಮೊದಲ ಗುಡ್ಡೆ ಒಟ್ಟಿನಲ್ಲಿ ನೂರಕ್ಕೆ ಎಷ್ಟೆಂದು ಲೆಕ್ಕ ಹಾಕಲಾಗುತ್ತದೆ. ಬೆಳೆಯುವುದನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಸುಪ್ತವಾಗಿರುವ ಚಿಗುರಿಗೆ ತೋಟಗಳಲ್ಲಿ ‘ಬಂಜಿ’ ಎಂಬ ಹೆಸರಿದೆ. ಬಂಜೆ ಎಂಬ ಪದದ ಈ ಬಂಧು ಉತ್ತರ ಭಾರತದ ತೋಟಗಳಿಂದ ದಕ್ಷಿಣಕ್ಕೆ ಬಂದದ್ದು. ಬಂಜಿ ಮೆತ್ತಗಿದ್ದರೆ ನಯವಾದ ಎಲೆಯ ಜೊತೆಗೂ ಒರಟಾಗಿದ್ದರೆ ಅದರಾಚೆಗೂ ಎಣಿಸುವುದು ರೂಢಿ, ಮತ್ತು ಮೆತ್ತಗೆ ಒರಟುಗಳ ನಡುವಿನ ಗೆರೆಯನ್ನು ಎಳೆಯುವುದು ಬೆರಳುಗಳೇ. ಹೀಗೆ ಸ್ವಲ್ಪಮಟ್ಟಿಗೆ ಕೈಯಂದಾಜಿಗೆ ಬಿಟ್ಟುಕೊಟ್ಟರೂ ಈ ಪರೀಕ್ಷೆ ಯಾರ ಕಣ್ಣೆದುರಿಗೂ ಮಾಡಬಹುದಾದದ್ದು, ಸಂಶಯ ಬಂದರೆ ಮತ್ತೆ ಮಾಡಬಹುದಾದದ್ದು. ‘ಯಾವುದಕ್ಕಿಂತ?’ ಎಂಬ ಪ್ರಶ್ನೆಗೆ ಉತ್ತರ ಮೇಜಿನ ಮೇಲೆ ಇನ್ನೊಂದು ಗುಡ್ಡೆಯಾಗಿ ಬಿದ್ದಿರುತ್ತದೆ. ಕೋತಗಿರಿಯ ಚಹಾದ ಪದಕೋಶದಲ್ಲಿ ಮೇಲ್ಮೆಯನ್ನು ಹೇಳುವ ಅತ್ಯಂತ ಪ್ರಾಮಾಣಿಕ ಪದ ಇದು.

ದುರದೃಷ್ಟವೆಂದರೆ ಈ ಪ್ರಾಮಾಣಿಕ ಪದ ತೂಗುಕಟ್ಟೆಯಲ್ಲಿ ಅದರ ಅಳತೆಯಿಂದ ಬೇರ್ಪಟ್ಟು ಬಳಕೆಯಾಗುವುದು. ಹಲವು ಚೀಲಗಳ ಎಲೆ ಮಧ್ಯವರ್ತಿಗಳ ವಾಹನದಲ್ಲಿ ಒಂದಾಗಿ ಬರುವಾಗ ಯಾರ ಎಲೆ ಯಾವ ಪ್ರಮಾಣದಲ್ಲಿ ನಯವಾಗಿತ್ತೆಂಬುದು ತಿಳಿಯುವುದಿಲ್ಲ. ಇಡೀ ರಾಶಿಗೆ ಒಂದೇ ವಿಶೇಷಣ, ಒಂದೇ ಬೆಲೆ. ಏಳೆಂಟು ದಿನಕ್ಕೊಮ್ಮೆ ಕೈಯಿಂದ ಕುಡಿಯನ್ನಷ್ಟೇ ಆರಿಸಿ ಕೊಯ್ದವಳ ಎಲೆಗೂ ಮೂರು ವಾರ ಬಿಟ್ಟು ಕತ್ತರಿಯಿಂದ ಸವರಿದ ಎಲೆಗೂ ಅಂತರ ಉಳಿಯದಿದ್ದಾಗ ನಯವಾಗಿ ಕೊಯ್ಯುವುದು ನಷ್ಟದ ಕೆಲಸವಾಗುತ್ತದೆ, ಏಕೆಂದರೆ ಎಳೆಯ ಚಿಗುರು ತೂಕದಲ್ಲಿ ಹಗುರ, ಬಲಿತ ಎಲೆ ಭಾರ. ತಕ್ಕಡಿ ತೂಕವನ್ನು ಬಲ್ಲುದೇ ಹೊರತು ಎಳೆತನವನ್ನಲ್ಲ. ಕೂಲಿಗೆ ಜನ ಸಿಗದ ಕಾಲದಲ್ಲಿ ಕತ್ತರಿಯೂ ಕೊಯ್ಯುವ ಯಂತ್ರವೂ ಅನಿವಾರ್ಯವಾಗಿರುವುದು ನಿಜ. ಆದರೆ ಒರಟು ಎಲೆ ಹೆಚ್ಚಿದ್ದಕ್ಕೆ ಬೆಳೆಗಾರನ ಅಸಡ್ಡೆಯೊಂದೇ ಕಾರಣವೆಂದು ಹೇಳುವವರು ಈ ತೂಕದ ತರ್ಕವನ್ನು ಮರೆಯುತ್ತಾರೆ. ಗುಣಕ್ಕೆ ಪದವಿದ್ದು ಬೆಲೆಯಿಲ್ಲದಿದ್ದರೆ ಗುಣ ಉಳಿಯುವುದಿಲ್ಲ.

ಎರಡನೆಯ ಮೆಟ್ಟಿಲು ಕಾರ್ಖಾನೆಯೊಳಗಿನದು. ಅಲ್ಲಿ ಮೇಲ್ಮೆಯ ಪದಗಳ ಸುಗ್ಗಿಯೇ ಇದೆ. ಎಲೆಯನ್ನು ಬಾಡಿಸಿ, ಹೊಸಕಿ, ಗಾಳಿಗೆ ಹರಡಿ, ಒಣಗಿಸಿದ ಮೇಲೆ, ಅಂದಾಜು ನಾಲ್ಕೂಕಾಲು, ನಾಲ್ಕೂವರೆ ಕಿಲೋ ಹಸಿ ಎಲೆಯಿಂದ ಒಂದು ಕಿಲೋ ಚಹಾ ಸಿಗುತ್ತದೆ. ಹಳೆಯ ಪದ್ಧತಿಯಲ್ಲಿ ಎಲೆಯನ್ನು ಹೊಸೆದು ಮಾಡಿದ ಚಹಾಕ್ಕೆ ‘ಆರ್ಥೊಡಾಕ್ಸ್’ ಎಂದೂ, ಹಲ್ಲುಗಳುಳ್ಳ ಉರುಳೆಗಳ ನಡುವೆ ಜಜ್ಜಿ, ಹರಿದು, ಸುರುಳಿ ಮಾಡಿದ ಚಹಾಕ್ಕೆ ಆ ಮೂರು ಕ್ರಿಯೆಗಳ ಇಂಗ್ಲಿಷ್ ಮೊದಲಕ್ಷರಗಳಿಂದ ‘ಸಿಟಿಸಿ’ ಎಂದೂ ಹೆಸರು. ಕೋತಗಿರಿಯ ಸುತ್ತಲಿನ ಖರೀದಿ ಕಾರ್ಖಾನೆಗಳ ಉತ್ಪಾದನೆ ಬಹುಮಟ್ಟಿಗೆ ಸಿಟಿಸಿ. ಒಣಗಿದ ಚಹಾ ಜರಡಿಗಳ ಮೇಲೆ ಹಾದು ಬೇರೆ ಬೇರೆ ಗಾತ್ರದ ಕಣಗಳಾಗಿ ವಿಂಗಡಣೆಯಾಗುತ್ತದೆ, ಮತ್ತು ಈ ವಿಂಗಡಣೆಗೆ ‘ಗ್ರೇಡ್’ ಎಂಬ ಹೆಸರಿದೆ. ಸಾಮಾನ್ಯ ಓದುಗನಿಗೆ ಗ್ರೇಡ್ ಎಂದರೆ ಗುಣದ ದರ್ಜೆ. ಚಹಾದಲ್ಲಿ ಅದು ಮೊದಲಾಗಿ ಕಣದ ಗಾತ್ರ. ದೊಡ್ಡ ಕಣಕ್ಕೆ ಬ್ರೋಕನ್ ಪೀಕೋ, ಅದಕ್ಕಿಂತ ಸಣ್ಣದಕ್ಕೆ ಫ್ಯಾನಿಂಗ್ಸ್, ಎಲ್ಲಕ್ಕಿಂತ ಸಣ್ಣದಕ್ಕೆ ಡಸ್ಟ್, ಅಂದರೆ ಧೂಳು. ಈ ಧೂಳಿನ ಒಳಗೇ ಮತ್ತೆ ರೆಡ್ ಡಸ್ಟ್, ಸೂಪರ್ ರೆಡ್ ಡಸ್ಟ್, ಗೋಲ್ಡನ್ ಡಸ್ಟ್, ಸೂಪರ್ ಫೈನ್ ಡಸ್ಟ್ ಎಂಬ ವಿಭಾಗಗಳಿವೆ.

ಇಲ್ಲಿ ‘ಸೂಪರ್’, ‘ಫೈನ್’ ಎಂಬ ಮಾತುಗಳು ತಂದೊಡ್ಡುವ ಗೊಂದಲವನ್ನು ಬಿಡಿಸಿ ನೋಡಬೇಕು. ತೋಟದ ‘ಫೈನ್’ ಎಳೆತನವನ್ನು ಹೇಳಿದರೆ ಜರಡಿಯ ‘ಫೈನ್’ ಸಣ್ಣತನವನ್ನು ಹೇಳುತ್ತದೆ. ಒಂದೇ ಪದ, ಒಂದೇ ಕಾರ್ಖಾನೆಯ ಎರಡು ಬಾಗಿಲುಗಳಲ್ಲಿ ಎರಡು ಅರ್ಥ. ಸೂಪರ್ ಫೈನ್ ಡಸ್ಟ್ ಎಂದರೆ ಬಹು ನುಣುಪಾದ ಪುಡಿ ಎಂದಷ್ಟೇ ಆಗುತ್ತದೆ. ಅದು ಎಳೆಯ ಚಿಗುರಿನಿಂದಲೂ ಆಗಬಹುದು, ಒರಟು ಎಲೆಯಿಂದಲೂ ಆಗಬಹುದು. ಆರ್ಥೊಡಾಕ್ಸ್ ಚಹಾದ ಹೆಸರುಗಳು ಇನ್ನೂ ಅಲಂಕಾರದವು. ‘ಆರೆಂಜ್ ಪೀಕೋ’ಕ್ಕೂ ಕಿತ್ತಳೆ ಹಣ್ಣಿಗೂ ಸಂಬಂಧವಿಲ್ಲ, ಪೀಕೋ ಎಂಬುದು ಎಳೆಯ ಕುಡಿಯ ಮೇಲಿನ ಬಿಳಿಯ ನವಿರು ಎಂಬರ್ಥದ ಚೀನೀ ಮಾತಿನಿಂದ ಬಂದಿದೆ. ಅದಕ್ಕೆ ಬ್ರೋಕನ್, ಫ್ಲವರಿ, ಗೋಲ್ಡನ್, ಟಿಪ್ಪಿ, ಫೈನೆಸ್ಟ್, ಸ್ಪೆಷಲ್ ಎಂದು ಒಂದರ ಹಿಂದೆ ಒಂದು ವಿಶೇಷಣ ಸೇರಿ ಹೆಸರು ಉದ್ದವಾಗುತ್ತದೆ. ಇವುಗಳಲ್ಲಿ ಟಿಪ್ಪಿ ಎಂಬುದಕ್ಕೆ ಕುಡಿಯ ಅಂಶ ಹೆಚ್ಚಿದೆಯೆಂಬ ಅರ್ಥವಿದೆ, ಬ್ರೋಕನ್ ಎಂಬುದಕ್ಕೆ ಎಲೆ ತುಂಡಾಗಿದೆಯೆಂಬ ಅರ್ಥವಿದೆ. ಇವೆರಡನ್ನೂ ಕಣ್ಣಿನಿಂದಲೇ ಪರೀಕ್ಷಿಸಬಹುದು. ಫೈನೆಸ್ಟ್, ಸ್ಪೆಷಲ್ ಎಂಬವಕ್ಕೆ ಅಂಥ ಆಧಾರವಿಲ್ಲ. ಕಣದ ಗಾತ್ರದ ವಿಂಗಡಣೆಗೆ ಅಂತರರಾಷ್ಟ್ರೀಯ ಮಾನಕವೇ ಇದ್ದರೂ ಹೆಸರಿನ ಹೊಗಳಿಕೆಯ ಭಾಗಕ್ಕೆ ಯಾವ ಜರಡಿಯೂ ಇಲ್ಲ.

ಕರ್ನಾಟಕದ ಓದುಗರಿಗೆ ಇದೇ ಸಮಸ್ಯೆ ಕಾಫಿಯಲ್ಲಿ ಪರಿಚಿತ. ಚಿಕ್ಕಮಗಳೂರು, ಕೊಡಗು, ಹಾಸನದ ಕಾಫಿಯ ‘ಪ್ಲಾಂಟೇಷನ್ ಎ’, ‘ಪ್ಲಾಂಟೇಷನ್ ಬಿ’ ಎಂಬ ದರ್ಜೆಗಳು ಮುಖ್ಯವಾಗಿ ಬೀಜದ ಗಾತ್ರವನ್ನು ಅವಲಂಬಿಸಿವೆ, ಲೋಟದ ರುಚಿಯನ್ನಲ್ಲ. ಆದರೆ ಮಲೆನಾಡಿನ ಅಡಕೆ ಮಂಡಿ ಇದಕ್ಕಿಂತ ವಿವೇಕದ ಒಂದು ಪರಂಪರೆಯನ್ನು ಕಾಪಾಡಿಕೊಂಡಿದೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಅಲ್ಲಿನ ಹೆಸರುಗಳಲ್ಲಿ ಒಂದರಲ್ಲಿಯೂ ಹೊಗಳಿಕೆಯಿಲ್ಲ. ಅವು ಕಾಯಿ ಎಷ್ಟು ಎಳೆಯದಾಗಿದ್ದಾಗ ಕೊಯ್ದದ್ದು, ಎಷ್ಟು ಬಲಿತದ್ದು ಎಂಬ ಸ್ಥಿತಿಯ ಹೆಸರುಗಳು. ಎಳೆಯ ಕಾಯಿಯ ಸರಕಿಗೆ ಹೆಚ್ಚಿನ ಬೆಲೆ, ಬಲಿತು ಒರಟಾದ ಗೊರಬಲಿಗೆ ಕಡಿಮೆ ಬೆಲೆ ಎಂಬುದನ್ನು ಮಾರುವವನೂ ಕೊಳ್ಳುವವನೂ ಬಲ್ಲರು. ಯಾರೂ ತಮ್ಮ ಅಡಕೆಯನ್ನು ‘ಸೂಪರ್ ಗೊರಬಲು’ ಎಂದು ಕರೆದು ಬೆಲೆ ಏರಿಸಲಾರರು. ಸ್ಥಿತಿಯನ್ನು ಹೇಳುವ ಪದ ತಾನಾಗಿ ಮೇಲ್ಮೆಯನ್ನು ಸೂಚಿಸುತ್ತದೆ. ಮೇಲ್ಮೆಯನ್ನು ಮಾತ್ರ ಹೇಳುವ ಪದ ಸ್ಥಿತಿಯನ್ನು ಮುಚ್ಚುತ್ತದೆ. ಕನ್ನಡದ ಮಂಡಿಯಲ್ಲಿ ಬೆಳೆದು ನಿಂತ ಈ ನಾಮಕರಣಕ್ಕೆ ಭಾಷಾವಿದ್ವಾಂಸರ ಗಮನ ಸಾಕಷ್ಟು ಸಿಕ್ಕಿಲ್ಲವೆಂದೇ ಹೇಳಬೇಕು.

ಚಹಾದ ನಿಜವಾದ ಪರೀಕ್ಷೆ ನಡೆಯುವುದು ರುಚಿಗಾರನ ಮೇಜಿನಲ್ಲಿ. ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ 100 ಮಿಲಿಲೀಟರ್ ಕುದಿನೀರಿಗೆ 2 ಗ್ರಾಂ ಚಹಾ ಹಾಕಿ 6 ನಿಮಿಷ ಬಿಡಬೇಕು. ಬಳಿಕ ಕಷಾಯವನ್ನು ಬಿಳಿಯ ಪಿಂಗಾಣಿ ಬಟ್ಟಲಿಗೆ ಬಸಿದು, ನೆನೆದ ಎಲೆಯನ್ನು ಮುಚ್ಚಳದ ಮೇಲೆ ಮಗುಚಿ, ಒಣ ಚಹಾ, ನೆನೆದ ಎಲೆ, ಕಷಾಯ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಲಾಗುತ್ತದೆ. ರುಚಿಗಾರ ಚಮಚದಿಂದ ಕಷಾಯವನ್ನು ಸೊರ್ರನೆ ಹೀರಿ, ಬಾಯಿಯಲ್ಲಿ ಆಡಿಸಿ, ಉಗುಳಿ ಮುಂದಿನ ಬಟ್ಟಲಿಗೆ ಹೋಗುತ್ತಾನೆ. ಅವನ ಪದಕೋಶ ಗಮನಾರ್ಹ. ಹೊಳಪು, ಚುರುಕು, ಮೈ, ಬಣ್ಣ, ಹೊಗೆವಾಸನೆ, ಹುಳಿವಾಸನೆ, ಸಪ್ಪೆ ಎಂಬಂಥ ಮಾತುಗಳು ಅಲ್ಲಿ ಕೆಲಸಕ್ಕೆ ಬರುತ್ತವೆ. ಉತ್ತಮ ಎಂಬ ಮಾತು ಅಲ್ಲಿ ಏನನ್ನೂ ಹೇಳುವುದಿಲ್ಲ. ಹೊಗೆವಾಸನೆ ಎಂದರೆ ಒಣಗಿಸುವ ಯಂತ್ರದಲ್ಲಿ ದೋಷವೆಂದೂ, ಸಪ್ಪೆ ಎಂದರೆ ಚಹಾಕ್ಕೆ ತೇವ ತಗುಲಿದೆ ಅಥವಾ ಹಳೆಯದಾಗಿದೆಯೆಂದೂ ಕಾರ್ಖಾನೆಯವನಿಗೆ ತಕ್ಷಣ ಅರ್ಥವಾಗುತ್ತದೆ. ಪ್ರತಿಯೊಂದು ಪದವೂ ಒಂದು ಕಾರಣದ ಕಡೆಗೆ ಬೆರಳು ತೋರಿಸುತ್ತದೆ. 1963ರಿಂದ ಕೂನೂರಿನಲ್ಲಿ ನಡೆಯುತ್ತಿರುವ ಚಹಾ ಹರಾಜಿನ ಬೆಲೆಗಳ ಹಿಂದೆ ಇರುವುದು ಇಂಥ ನಾಲಿಗೆಗಳ ತೀರ್ಪು. ಅನುಭವಿಯ ನಾಲಿಗೆ ಮಾನಕವೊಂದಕ್ಕೆ ಒಳಪಟ್ಟಾಗ ಗುಣದ ಮಾತು ಎಷ್ಟು ಸೂಕ್ಷ್ಮವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಆದರೆ ಈ ಪದಕೋಶ ಹರಾಜಿನ ಕಟ್ಟೆಯಿಂದ ಹಟ್ಟಿಗೆ ಹಿಂದಿರುಗುವುದಿಲ್ಲ. ತನ್ನ ಎಲೆಯಿಂದಾದ ಚಹಾ ಸಪ್ಪೆಯಾಗಿತ್ತೋ ಚುರುಕಾಗಿತ್ತೋ ಎಂಬುದು ಬೆಳೆಗಾರನಿಗೆ ತಿಳಿಯುವುದು ಅಪರೂಪ. ಅವನಿಗೆ ಮುಟ್ಟುವುದು ತಿಂಗಳ ಬೆಲೆಯೊಂದೇ.

ಮೂರನೆಯ ಮೆಟ್ಟಿಲಾದ ಪೊಟ್ಟಣದ ಭಾಷೆಯನ್ನು ಬೇಗ ಮುಗಿಸಬಹುದು, ಏಕೆಂದರೆ ಅಲ್ಲಿ ಪರೀಕ್ಷಿಸಲು ಸಿಗುವುದು ಕಡಿಮೆ. ಮಸಿನಗುಡಿ, ಗೂಡಲೂರು ದಾರಿಯಾಗಿ ಮೈಸೂರು ಬೆಂಗಳೂರುಗಳಿಂದ ಬರುವ ಪ್ರವಾಸಿಗರು ಉದಕಮಂಡಲದಿಂದ ಕೋತಗಿರಿಯವರೆಗಿನ ಅಂಗಡಿಗಳಲ್ಲಿ ಕೊಳ್ಳುವ ಪೊಟ್ಟಣಗಳ ಮೇಲೆ ಪ್ರೀಮಿಯಂ, ಸೂಪರ್, ಎಕ್ಸ್‌ಪೋರ್ಟ್ ಕ್ವಾಲಿಟಿ ಎಂಬ ಮಾತುಗಳು ಇರುತ್ತವೆ. ಯಾವ ತಿಂಗಳ ಎಲೆ, ಯಾವ ಗಾತ್ರದ ಕಣ, ಎಂದು ಒಣಗಿಸಿದ್ದು, ನಯವಾದ ಎಲೆಯ ಪ್ರಮಾಣ ಎಷ್ಟು ಎಂಬುದು ಬಹುಪಾಲು ಪೊಟ್ಟಣಗಳಲ್ಲಿ ಇರುವುದಿಲ್ಲ. ಇದಕ್ಕೆ ಹೋಲಿಸಿದರೆ ‘ಫ್ರಾಸ್ಟ್ ಟೀ’ ಎಂಬ ಹೆಸರು ಮೆಚ್ಚತಕ್ಕದ್ದು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಇಬ್ಬನಿ ಹೆಪ್ಪುಗಟ್ಟುವ ಚಳಿಯಲ್ಲಿ ಚಿಗುರು ನಿಧಾನವಾಗಿ ಬೆಳೆದು ಅದರಲ್ಲಿ ಪರಿಮಳದ ಅಂಶಗಳು ಸಾಂದ್ರವಾಗುತ್ತವೆ; ಆ ಕಾಲದ ಎಲೆಯಿಂದಾದ ಚಹಾಕ್ಕೆ ಈ ಹೆಸರು. ಇದು ತನ್ನನ್ನು ಹೊಗಳಿಕೊಳ್ಳದೆ ತನ್ನ ಮೇಲ್ಮೆಯ ಕಾರಣವನ್ನು ಹೇಳುತ್ತದೆ. ‘ನೀಲಗಿರಿ ಆರ್ಥೊಡಾಕ್ಸ್’ ಎಂಬ ಭೌಗೋಳಿಕ ಸೂಚಕ, ಅಂದರೆ ನಿರ್ದಿಷ್ಟ ಪ್ರದೇಶದ ಉತ್ಪನ್ನಕ್ಕೆ ಕಾನೂನು ಕೊಡುವ ಹೆಸರಿನ ರಕ್ಷಣೆ, ಕೂಡ ಇದೇ ಬಗೆಯದು: ಚಹಾ ಎಲ್ಲಿಯದು, ಯಾವ ಪದ್ಧತಿಯಲ್ಲಿ ಮಾಡಿದ್ದು ಎಂಬುದಕ್ಕೆ ಅದು ಹೊಣೆ. ಆದರೆ ಆ ರಕ್ಷಣೆ ಆರ್ಥೊಡಾಕ್ಸ್ ಚಹಾಕ್ಕೆ ಮಾತ್ರ. ಕೋತಗಿರಿಯ ಸಣ್ಣ ಬೆಳೆಗಾರನ ಎಲೆ ಹೆಚ್ಚಾಗಿ ಸೇರುವ ಸಿಟಿಸಿ ಚಹಾ ಅದರ ಹೊರಗೆ ಉಳಿದಿದೆ. ಇದೇ ಊರಿನಲ್ಲಿ ನೆಲೆಗೊಂಡು ಕುರುಂಬ, ಇರುಳ ಮೊದಲಾದ ಬುಡಕಟ್ಟುಗಳ ಜೇನುಕೊಯ್ಲಿನ ಜೊತೆ ಕೆಲಸ ಮಾಡುತ್ತಿರುವ ಕೀಸ್ಟೋನ್ ಪ್ರತಿಷ್ಠಾನದ ಪ್ರಯತ್ನದಿಂದ ಮಾರುಕಟ್ಟೆಗೆ ಬಂದ ಕಾಡುಜೇನಿನಲ್ಲಿ ‘ಕಹಿ ಜೇನು’ ಎಂಬುದೊಂದು ಬಗೆಯಿದೆ. ಜೇನಿಗೆ ಕಹಿ ಎಂಬ ವಿಶೇಷಣವನ್ನು ಮುಚ್ಚಿಡದೆ ಹೆಸರಿನಲ್ಲೇ ಇಟ್ಟದ್ದು ಕೊಳ್ಳುವವನ ಬುದ್ಧಿಯ ಮೇಲಿನ ವಿಶ್ವಾಸದ ಗುರುತು.

ಪದಗಳ ಈ ಚರ್ಚೆ ಬೆಲೆಯ ಚರ್ಚೆಯಿಂದ ಬೇರೆಯಲ್ಲ. 1990ರ ದಶಕದ ಕೊನೆಯಲ್ಲಿ, ಸೋವಿಯತ್ ಒಕ್ಕೂಟದ ದೊಡ್ಡ ಮಾರುಕಟ್ಟೆ ಕುಸಿದ ಪರಿಣಾಮಗಳೂ ಹೊರಗಿನ ಪೈಪೋಟಿಯೂ ಕೂಡಿ ನೀಲಗಿರಿಯ ಹಸಿ ಎಲೆಯ ಬೆಲೆ ನೆಲಕಚ್ಚಿದಾಗ, ಬೆಳೆಗಾರರಿಗೆ ಎಲ್ಲ ಕಡೆಯಿಂದ ಸಿಕ್ಕ ಉತ್ತರ ‘ಕ್ವಾಲಿಟಿ ಹೆಚ್ಚಿಸಿ’ ಎಂಬುದು. ನಯವಾದ ಎಲೆ ಕೊಯ್ಯುವ ಪ್ರಚಾರ ಆ ಮೇಲೆ ಹಟ್ಟಿ ಹಟ್ಟಿಗೆ ನಡೆಯಿತು. ಆ ಸಲಹೆಯಲ್ಲಿ ಸತ್ಯವಿತ್ತು: ಒರಟು ಎಲೆಯಿಂದ ಮಾಡಿದ ಚಹಾ ನೀಲಗಿರಿಯ ಹೆಸರನ್ನು ಕೆಡಿಸಿದ್ದನ್ನು ಅಲ್ಲಗಳೆಯಲಾಗದು, ಮತ್ತು ಎಲೆಯನ್ನು ಸುಧಾರಿಸಿಕೊಂಡ ಕಾರ್ಖಾನೆಗಳು ಹರಾಜಿನಲ್ಲಿ ಮೇಲಿನ ಬೆಲೆ ಪಡೆದದ್ದೂ ಉಂಟು. ಗುಣದ ಬೇಡಿಕೆಯೇ ಬೇಡವೆಂದು ವಾದಿಸುವವರು ಬೆಳೆಗಾರನಿಗೆ ಉಪಕಾರ ಮಾಡುತ್ತಿಲ್ಲ. 2003ರ ಚಹಾ ಮಾರುಕಟ್ಟೆ ನಿಯಂತ್ರಣ ಆದೇಶ ಚಹಾ ಮಾರಿದ ಬೆಲೆಯನ್ನು ಬೆಳೆಗಾರ ಮತ್ತು ಕಾರ್ಖಾನೆ ಸೂತ್ರದ ಪ್ರಕಾರ ಹಂಚಿಕೊಳ್ಳಬೇಕೆಂದು ವಿಧಿಸಿದ್ದೂ, ಅದರಂತೆ ತಿಂಗಳಿಗೊಮ್ಮೆ ಜಿಲ್ಲೆಯ ಸರಾಸರಿ ಬೆಲೆ ಪ್ರಕಟವಾಗುವುದೂ ಮುನ್ನಡೆಯೇ. ಆದರೆ ಸರಾಸರಿ ಎಂಬುದೇ ಗುಣದ ವೈರಿ. ನಯವಾಗಿ ಕೊಯ್ದವರೂ ಒರಟಾಗಿ ಕೊಯ್ದವರೂ ಒಂದೇ ಸರಾಸರಿಯಲ್ಲಿ ಕರಗಿಹೋಗುವಲ್ಲಿ ಕ್ವಾಲಿಟಿ ಎಂಬ ಮಾತು ಬೆಳೆಗಾರನಿಗೆ ಬೆಲೆ ಇಳಿದಾಗ ಕೊಡುವ ಕಾರಣವಾಗಿ ಮಾತ್ರ ಕೇಳಿಸುತ್ತದೆ, ಬೆಲೆ ಏರಿದಾಗ ಕೇಳಿಸುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಸಣ್ಣ ಬೆಳೆಗಾರರು ಕೋತಗಿರಿಯ ಬಳಿ ಉಪವಾಸ ಧರಣಿ ಕುಳಿತು ಹಸಿ ಎಲೆಗೆ ಕಿಲೋಗೆ 33.50 ರೂಪಾಯಿಯ ಕನಿಷ್ಠ ಬೆಲೆ ಕೇಳಿದಾಗ, ಅವರ ಬೇಡಿಕೆ ಉತ್ಪಾದನೆಯ ಖರ್ಚನ್ನು ಆಧರಿಸಿತ್ತೇ ಹೊರತು ಗುಣದ ಯಾವ ವಿಶೇಷಣವನ್ನೂ ಅಲ್ಲ. ಎರಡು ದಶಕಗಳ ಕ್ವಾಲಿಟಿ ಪ್ರಚಾರದ ನಂತರವೂ ಆ ಪದದ ಮೇಲೆ ಜನರಿಗೆ ಭರವಸೆ ಹುಟ್ಟಿಲ್ಲವೆಂಬುದಕ್ಕೆ ಇದು ಸ್ಪಷ್ಟ ಸಾಕ್ಷಿ.

ತರ ಮತ್ತು ತಮ ಎಂಬ ಎರಡು ಪ್ರತ್ಯಯಗಳು ಕೂಡಿ ‘ತರತಮ’ವೂ ಅದರಿಂದ ‘ತಾರತಮ್ಯ’ವೂ ಆದವು. ಮಾಧ್ವ ದರ್ಶನದಲ್ಲಿ ತಾರತಮ್ಯವೆಂದರೆ ಜೀವಗಳ ನಡುವಿನ ಕ್ರಮಬದ್ಧ ಅಂತರ. ಇಂದಿನ ಪತ್ರಿಕೆಗಳ ಕನ್ನಡದಲ್ಲಿ ಅದೇ ಪದಕ್ಕೆ ಅನ್ಯಾಯದ ಭೇದ ಎಂಬರ್ಥ. ಅಳತೆ ಎಲ್ಲರಿಗೂ ಕಾಣುವಂತಿದ್ದರೆ ತರತಮ ವಿವೇಕ, ಅಳತೆ ಒಬ್ಬನ ಕೈಯಲ್ಲೇ ಉಳಿದರೆ ತಾರತಮ್ಯ ಪಕ್ಷಪಾತ. ಕೋತಗಿರಿಯ ತೂಗುಕಟ್ಟೆಯಲ್ಲಿ ಈ ಎರಡು ಅರ್ಥಗಳೂ ಇನ್ನೂ ಒಟ್ಟಿಗೆ ಬದುಕಿವೆ. ಅವನ್ನು ಬೇರ್ಪಡಿಸಲು ಹೊಸ ಪದವೇನೂ ಬೇಕಿಲ್ಲ. ಪ್ರತಿ ಬೆಳೆಗಾರನ ಎಲೆಯಲ್ಲಿ ನಯವಾದ ಭಾಗ ನೂರಕ್ಕೆ ಎಷ್ಟೆಂಬುದನ್ನು ತೂಕದ ಚೀಟಿಯ ಮೇಲೇ ಬರೆದುಕೊಡುವುದು, ಆ ಅಂಕಿಗೆ ತಕ್ಕಂತೆ ಬೆಲೆಯನ್ನು ಏರಿಳಿಸುವುದು, ಹರಾಜಿನ ರುಚಿಗಾರರ ಮಾತನ್ನು ಬಡಗ, ತಮಿಳು, ಕನ್ನಡಗಳಲ್ಲಿ ಎಲೆ ಕೊಟ್ಟವರಿಗೆ ಮುಟ್ಟಿಸುವುದು, ಇವು ಸಹಕಾರಿ ಕಾರ್ಖಾನೆಗಳು ಇಂದೇ ತೊಡಗಬಹುದಾದ ಕೆಲಸಗಳು. ಸದಸ್ಯರೇ ಒಡೆಯರಾಗಿರುವ ಸಂಸ್ಥೆಗಳಲ್ಲಿ ಇದು ಮೊದಲು ಆಗದಿದ್ದರೆ ಬೇರೆಲ್ಲಿಯೂ ಆಗಲಾರದು. ಕೊಳ್ಳುವ ಕನ್ನಡಿಗರಿಗೂ ಇದರಲ್ಲಿ ಪಾಲಿದೆ: ಬೆಟ್ಟದಿಂದ ಇಳಿಯುವ ಮುನ್ನ ಚಹಾ ಪೊಟ್ಟಣ ಕೈಗೆತ್ತಿಕೊಂಡವರು ಪ್ರೀಮಿಯಂ ಎಂಬ ಅಕ್ಷರಗಳನ್ನು ಬದಿಗಿಟ್ಟು, ಇದು ಯಾವ ತಿಂಗಳ ಎಲೆ, ಯಾವ ಕಾರ್ಖಾನೆಯದು, ಯಾವ ಗಾತ್ರದ ಕಣ ಎಂದು ಅಂಗಡಿಯವರನ್ನು ಕೇಳಲಿ, ಉತ್ತರ ಸಿಗುವ ಅಂಗಡಿಯಲ್ಲೇ ಕೊಳ್ಳಲಿ.